ರುದ್ರಪಟ್ಟಣದ ಸಂಗೀತಗಾರರು

ರುದ್ರಪಟ್ಟಣ ಹಾಸನ ಜಿಲ್ಲೆಯ ಅರಕಲಗೂಡು ತಾಲ್ಲೂಕಿನಲ್ಲಿ ಕಾವೇರಿ ದಂಡೆಯ ಮೇಲಿರುವ ಸಣ್ಣ ಹಳ್ಳಿ. ಕರ್ನಾಟಕ ಸಂಗೀತದ ಕಛೇರಿ ಪಟ್ಟಿಗಳಲ್ಲಿ ಹೆಸರಿನ ಹಿಂದೆ ‘ಆರ್.’ ಕಂಡರೆ ಅದು ಹಲವು ಬಾರಿ ಈ ಊರೇ. ಇಲ್ಲಿನ ಸಂಕೇತಿ ಸಮುದಾಯದ ಮನೆತನಗಳಲ್ಲಿ ವೇದ, ಸಂಸ್ಕೃತದ ಜೊತೆಗೆ ಸಂಗೀತವೂ ನಿತ್ಯದ ಓದಿನಂತೆ ಬೆಳೆದು ಬಂದಿತು.

ಈ ಊರಿನ ಸಂಗೀತಗಾರರಲ್ಲಿ ದೊಡ್ಡ ಹೆಸರು ಗಾಯಕ ಆರ್.ಕೆ. ಶ್ರೀಕಂಠನ್ (1920–2014). ಬಹುಕಾಲ ಆಕಾಶವಾಣಿಯಲ್ಲಿ ದುಡಿದ ಅವರಿಗೆ 2011ರಲ್ಲಿ ಪದ್ಮಭೂಷಣ ಸಂದಿತು. ತೊಂಬತ್ತು ದಾಟಿದ ಮೇಲೂ ಅವರು ವೇದಿಕೆಯೇರಿ ಹಾಡುತ್ತಿದ್ದರು. ಸ್ಪಷ್ಟ ಸಾಹಿತ್ಯೋಚ್ಚಾರ, ಗಟ್ಟಿಯಾದ ಶಾರೀರ ಅವರ ಗುರುತು. ಅಣ್ಣ ಆರ್.ಕೆ. ವೆಂಕಟರಾಮಶಾಸ್ತ್ರಿ ಪಿಟೀಲು ವಿದ್ವಾಂಸರು. ಆರ್.ಆರ್. ಕೇಶವಮೂರ್ತಿ ನುಡಿಸಿದ್ದು ನಾಲ್ಕರ ಬದಲು ಏಳು ತಂತಿಯ ಪಿಟೀಲು. ಜೋಡಿ ಗಾಯನದಲ್ಲಿ ಆರ್.ಎನ್. ತ್ಯಾಗರಾಜನ್, ಆರ್.ಎನ್. ತಾರಾನಾಥನ್ ‘ರುದ್ರಪಟ್ಟಣ ಸಹೋದರರು’ ಎಂದೇ ಖ್ಯಾತರು.

ಊರು ಬಿಟ್ಟವರೇ ಹೆಚ್ಚು. ಮರಳಿ ಊರಿಗೆ ಸಂಗೀತ ತಂದವರು ಗಾಯಕ ಆರ್.ಕೆ. ಪದ್ಮನಾಭ: ಅವರ ಶ್ರಮದಿಂದ ಇಲ್ಲಿ ತಂಬೂರಿಯ ಆಕಾರದ ಸಪ್ತಸ್ವರ ದೇವತಾ ಧ್ಯಾನಮಂದಿರ ಎದ್ದಿದೆ, ಸಂಗೀತೋತ್ಸವವೂ ನಡೆಯುತ್ತದೆ.