ಹೆಸರಿದ್ದೂ ವಿಳಾಸವಿಲ್ಲದ ಹರ್ಮಿಸ್

ವರ್ಗಾವಣೆಯ ನೌಕರಿಯಲ್ಲಿ ಊರೂರು ಸುತ್ತುವ ನಮ್ಮಂಥವರಿಗೆ ಒಂದು ಸಂಗತಿ ಚೆನ್ನಾಗಿ ಗೊತ್ತು: ಹೆಸರೊಂದೇ ಇದ್ದರೆ ಕಾಗದ ತಲುಪುವುದಿಲ್ಲ, ವಿಳಾಸವೂ ಇರಬೇಕು. ಖಗೋಳ ವಿಜ್ಞಾನದ ಚರಿತ್ರೆಯಲ್ಲಿ 66 ವರ್ಷಗಳ ಕಾಲ ಹೀಗೆ ಹೆಸರಿನಲ್ಲಿ ಮಾತ್ರ ಉಳಿದಿದ್ದ ಕ್ಷುದ್ರಗ್ರಹವೊಂದಿದೆ. ಅದೇ ಹರ್ಮಿಸ್.

1937ರ ಅಕ್ಟೋಬರ್ 28ರಂದು ಜರ್ಮನಿಯ ಹೈಡೆಲ್‌ಬರ್ಗ್‌ನಲ್ಲಿ ಕಾರ್ಲ್ ರೈನ್‌ಮುತ್ ತೆಗೆದ ಛಾಯಾಫಲಕದಲ್ಲಿ ಉದ್ದನೆಯ ಗೆರೆಯೊಂದು ಮೂಡಿತ್ತು. ದೂರದರ್ಶಕವು ನಕ್ಷತ್ರಗಳ ಚಲನೆಯನ್ನು ಅನುಸರಿಸುವುದರಿಂದ ಅವು ಫಲಕದ ಮೇಲೆ ಚುಕ್ಕೆಗಳಾಗಿ ಉಳಿಯುತ್ತವೆ. ಅವುಗಳ ನಡುವೆ ಸರಿಯುವ ಕಾಯ ಗೆರೆ ಎಳೆಯುತ್ತದೆ. ಎರಡು ದಿನಗಳ ತರುವಾಯ ಆ ಕಾಯ ಭೂಮಿಯಿಂದ ಸುಮಾರು 7,40,000 ಕಿಲೋಮೀಟರ್ ದೂರದಲ್ಲಿ, ಎಂದರೆ ಚಂದ್ರನ ದೂರದ ಸುಮಾರು ಎರಡರಷ್ಟು ಅಂತರದಲ್ಲಿ ಹಾದುಹೋಯಿತು. ಭೂಮಿಗೆ ಅಷ್ಟು ಸಮೀಪ ಬಂದ ಕ್ಷುದ್ರಗ್ರಹವನ್ನು ಅದುವರೆಗೆ ಯಾರೂ ಕಂಡಿರಲಿಲ್ಲ.

ಗ್ರೀಕರ ದೇವದೂತನ ಹೆಸರು ಅದಕ್ಕೆ ಬಂದಿತು. ಆದರೆ ದೊರೆತಿದ್ದದ್ದು ಐದು ದಿನಗಳ ವೀಕ್ಷಣೆ ಮಾತ್ರ. ಅಷ್ಟು ಸಣ್ಣ ತುಣುಕಿನಿಂದ ಇಡೀ ಕಕ್ಷೆಯನ್ನು ಲೆಕ್ಕ ಹಾಕಿದರೆ, ಮೊದಲ ಅಳತೆಯ ಅಲ್ಪ ದೋಷವೂ ಸುತ್ತಿನಿಂದ ಸುತ್ತಿಗೆ ಬೆಳೆಯುತ್ತದೆ. ಕೊನೆಗೆ ಎಲ್ಲಿ ಹುಡುಕಬೇಕೆಂಬುದೇ ತಿಳಿಯದಾಯಿತು.

2003ರ ಅಕ್ಟೋಬರ್ 15ರಂದು ಅಮೆರಿಕದ ಅರಿಜೋನಾದಲ್ಲಿರುವ ಲೊವೆಲ್ ವೀಕ್ಷಣಾಲಯದ ಬ್ರಯನ್ ಸ್ಕಿಫ್ ವೇಗವಾಗಿ ಚಲಿಸುವ ಕಾಯವೊಂದನ್ನು ಕಂಡರು. ಅದರ ಹಾದಿಯನ್ನು ಹಿಂದಕ್ಕೆ ಗಣಿಸಿ 1937ರ ಅಳತೆಗಳೊಂದಿಗೆ ಹೋಲಿಸಿದಾಗ ಹರ್ಮಿಸ್‌ನ ಗುರುತು ಹತ್ತಿತು. ಈ ನಡುವೆ ಅದು ಸೂರ್ಯನನ್ನು 31 ಸಲ ಸುತ್ತಿತ್ತು. ಒಂದು ಸುತ್ತಿಗೆ ಸುಮಾರು 777 ದಿನ. ಶುಕ್ರನ ಕಕ್ಷೆಯ ಒಳಗಿನಿಂದ ಮಂಗಳನ ಕಕ್ಷೆಯ ಆಚೆಯವರೆಗೆ ಅದರ ಸಂಚಾರ. ಅರೆಸಿಬೊದ ರೇಡಾರ್ ಮತ್ತೊಂದು ಸೋಜಿಗವನ್ನು ತೋರಿಸಿತು: ಹರ್ಮಿಸ್ ಒಂದಲ್ಲ, ಎರಡು. ಹೆಚ್ಚುಕಡಿಮೆ ಸಮಗಾತ್ರದ ಎರಡು ಬಂಡೆಗಳು ಸುಮಾರು 14 ಗಂಟೆಗಳಿಗೊಮ್ಮೆ ಪರಸ್ಪರ ಸುತ್ತುತ್ತಿವೆ. ಆಮೇಲೆ 69230 ಎಂಬ ಕಾಯಂ ಸಂಖ್ಯೆಯೂ ದೊರೆಯಿತು.

ಇದೇ ಗಣನೆಯಿಂದ ಹಳೆಯದೊಂದು ವಿಷಯವೂ ಹೊರಬಿತ್ತು. 1942ರ ಏಪ್ರಿಲ್‌ನಲ್ಲಿ ಹರ್ಮಿಸ್ ಇನ್ನೂ ಹತ್ತಿರ, ಸುಮಾರು 6,30,000 ಕಿಲೋಮೀಟರ್ ದೂರದಲ್ಲಿ ಹಾದುಹೋಗಿತ್ತು. ಜಗತ್ತು ಮಹಾಯುದ್ಧದಲ್ಲಿ ಮುಳುಗಿದ್ದ ಆ ದಿನಗಳಲ್ಲಿ ಅದನ್ನು ಯಾರೂ ಗಮನಿಸಲಿಲ್ಲ.

ಹತ್ತಿರ ಬಂದದ್ದೆಲ್ಲ ನಮ್ಮ ಕಣ್ಣಿಗೆ ಬೀಳುವುದಿಲ್ಲ. ಕಂಡಷ್ಟನ್ನಾದರೂ ಸರಿಯಾಗಿ ಅಳೆದು ಬರೆದಿಟ್ಟರೆ ಮುಂದೊಂದು ದಿನ ಅದು ಉಪಯೋಗಕ್ಕೆ ಬರುತ್ತದೆ. ಆ ಐದು ದಿನಗಳ ಅಂಕಿಗಳು ಉಳಿಯದಿದ್ದರೆ, 2003ರಲ್ಲಿ ಕಂಡ ಕಾಯಕ್ಕೆ ನಾವು ಬೇರೊಂದು ಹೆಸರಿಟ್ಟು, ಹರ್ಮಿಸ್ ಇನ್ನೂ ಸಿಕ್ಕಿಲ್ಲವೆಂದೇ ತಿಳಿದಿರುತ್ತಿದ್ದೆವು.