ಜಕ್ಕಾಯನ ಲೆಕ್ಕದಿಂದ ಸಹಕಾರ ಸಂಘದವರೆಗೆ

ತಂಬ್ರಹಳ್ಳಿ ಸುತ್ತಿನ ಮಳೆಯಾಶ್ರಿತ ಹೊಲದ ರೈತನಿಗೆ ದುರಾಸೆ ಎಂಬುದು ಪುಸ್ತಕದ ಮಾತಲ್ಲ. ಬಿತ್ತನೆಗೆ ತಂದ ಸಾಲಕ್ಕೆ ಸುಗ್ಗಿಯ ಹೊತ್ತಿಗೆ ಬಡ್ಡಿ ಅಸಲನ್ನೇ ನುಂಗುವಂತೆ ಬೆಳೆದಾಗ ಅವನು ಅದರ ಮುಖ ಕಾಣುತ್ತಾನೆ. ಮನುಷ್ಯನ ಈ ಆಸೆಯನ್ನು ಏನು ಮಾಡಬೇಕೆಂದು ಕ್ರೈಸ್ತ ಚಿಂತನೆ ಎರಡು ಸಾವಿರ ವರ್ಷಗಳಿಂದ ಕೇಳುತ್ತ ಬಂದಿದೆ. ಅದರ ಒಂದು ಕವಲು ನಮ್ಮ ಹಳ್ಳಿಗಳ ಸಾಲದ ಪುಸ್ತಕದವರೆಗೂ ಹರಿದು ಬಂದಿದೆ.

ಲೂಕನ ಸುವಾರ್ತೆಯಲ್ಲೇ ಎರಡು ದಾರಿಗಳಿವೆ. 12ನೇ ಅಧ್ಯಾಯದ ಸಿರಿವಂತ ಕಣಜ ಕೆಡವಿ ದೊಡ್ಡದು ಕಟ್ಟಿಸುವ ಯೋಚನೆಯಲ್ಲಿರುವಾಗಲೇ ಅವನ ಆಯುಷ್ಯ ಮುಗಿಯುತ್ತದೆ. 19ನೇ ಅಧ್ಯಾಯದ ಜಕ್ಕಾಯ ಸುಂಕದವರ ಮುಖ್ಯಸ್ಥ. ಅವನು ಆಸ್ತಿಯ ಅರ್ಧವನ್ನು ಬಡವರಿಗೆ ಕೊಡುತ್ತೇನೆ, ಅನ್ಯಾಯವಾಗಿ ಕಸಿದದ್ದನ್ನು ನಾಲ್ಕು ಪಟ್ಟು ಹಿಂತಿರುಗಿಸುತ್ತೇನೆ ಎನ್ನುತ್ತಾನೆ. ಆ ದಾನಕ್ಕಿಂತ ಈ ಹಿಂತಿರುಗಿಸುವಿಕೆಯೇ ನನಗೆ ದೊಡ್ಡದಾಗಿ ಕಾಣುತ್ತದೆ. ಗಳಿಸಿದ ದಾರಿಯನ್ನೇ ಅದು ಪ್ರಶ್ನಿಸುತ್ತದೆ. ಮಾರ್ಕನ 10ನೇ ಅಧ್ಯಾಯದಲ್ಲಿ ಯಾಕೋಬ, ಯೋಹಾನರು ಯೇಸುವಿನ ಎಡಬಲದ ಆಸನಗಳನ್ನು ಬೇಡುತ್ತಾರೆ. ದೊಡ್ಡವನಾಗುವ ಬಯಕೆಯನ್ನು ಯೇಸು ಹೊಸಕಿಹಾಕುವುದಿಲ್ಲ. ದೊಡ್ಡವನಾಗಬೇಕೆಂದವನು ಸೇವಕನಾಗಲಿ ಎಂದು ಅದರ ದಿಕ್ಕು ತಿರುಗಿಸುತ್ತಾನೆ.

ಮರುಭೂಮಿಯ ಸಂನ್ಯಾಸಿಗಳು ಆಸ್ತಿಯನ್ನೇ ತೊರೆದರು. ಅಗಸ್ಟೀನ್‌ಗೆ ತಪ್ಪು ಕಂಡದ್ದು ಪ್ರೀತಿಯ ಕ್ರಮ ಕೆಟ್ಟದ್ದರಲ್ಲಿ. 13ನೇ ಶತಮಾನದ ಥಾಮಸ್ ಅಕ್ವೈನಾಸ್ ಮಹತ್ಕಾರ್ಯಕ್ಕೆ ಕೈಹಾಕುವ ಮನಸ್ಸನ್ನು ಸದ್ಗುಣವೆಂದೇ ಎಣಿಸಿದ. 1760ರಲ್ಲಿ ಪ್ರಕಟವಾದ ಹಣದ ಬಳಕೆ ಕುರಿತ ಪ್ರವಚನದಲ್ಲಿ ಜಾನ್ ವೆಸ್ಲಿ ಗಳಿಕೆ, ಉಳಿತಾಯ, ದಾನಗಳನ್ನು ಒಂದೇ ಸರಪಳಿಯಾಗಿ ಕಂಡ. ಅನುಯಾಯಿಗಳು ಮೊದಲೆರಡನ್ನಷ್ಟೇ ಪಾಲಿಸಿದರೆಂಬ ಕೊರಗು ಮುಪ್ಪಿನಲ್ಲಿ ಅವನನ್ನು ಬಿಡಲಿಲ್ಲ.

ಕರ್ನಾಟಕದಲ್ಲಿ ಈ ವಿಚಾರಕ್ಕೆ ಕಾರ್ಖಾನೆಯ ರೂಪ ಬಂದದ್ದು ಕರಾವಳಿಯಲ್ಲಿ. 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಷನ್ ನೇಯ್ಗೆ ಹೂಡಿತು, 1865ರಲ್ಲಿ ಹೆಂಚಿನ ಕಾರ್ಖಾನೆ ತೆರೆಯಿತು. ಮತಾಂತರಗೊಂಡು ಜಾತಿ, ಕಸುಬು ಕಳೆದುಕೊಂಡವರಿಗೆ ಅನ್ನವಾಯಿತು; ಲಾಭ ಮಿಷನ್ ಕೆಲಸಕ್ಕೂ ಹೋಯಿತು. ಆದರೆ ಕೂಲಿ ಕೊಡುವವರೂ ಸಭೆಯ ಶಿಸ್ತು ನೋಡುವವರೂ ಒಂದೇ ಸಂಸ್ಥೆಯವರಾದಾಗ ಕೆಲಸಗಾರನಿಗೆ ಎದುರು ಮಾತಾಡುವ ಜಾಗ ಎಷ್ಟು ಉಳಿದೀತು?

ನಮ್ಮ ಸೀಮೆಯನ್ನು ಮುಟ್ಟಿದ ಎಳೆ ಜರ್ಮನಿಯದು. ದೈವಭಕ್ತ ಪ್ರಾಟೆಸ್ಟೆಂಟ್ ಆಗಿದ್ದ ಫ್ರೆಡರಿಕ್ ವಿಲ್ಹೆಲ್ಮ್ ರೈಫೈಸನ್ 1846–47ರ ಬರದ ಚಳಿಗಾಲದಲ್ಲಿ ಸಿರಿವಂತರ ನೆರವಿನಿಂದ ಹಸಿದವರಿಗೆ ರೊಟ್ಟಿ ಒದಗಿಸಿದ. ಉಳ್ಳವರ ಉದಾರತೆ ಬಹುಕಾಲ ಬಾಳುವುದಿಲ್ಲವೆಂಬುದು ಬರಬರುತ್ತ ಅವನಿಗೆ ಅರಿವಾಯಿತು. 1864ರಲ್ಲಿ ಹೆಡ್ಡೆಸ್‌ಡಾರ್ಫ್‌ನಲ್ಲಿ ಸಾಲ ಬೇಕಾದವರನ್ನೇ ಸದಸ್ಯರನ್ನಾಗಿಸಿ ಸಂಘ ಕಟ್ಟಿದ. ಒಬ್ಬನ ಸಾಲಕ್ಕೆ ಎಲ್ಲರೂ ಹೊಣೆ, ಲಾಭ ಹಂಚಿಕೊಳ್ಳದೆ ಮೀಸಲು ನಿಧಿಗೆ, ಪದಾಧಿಕಾರಿಗಳದು ಸಂಬಳವಿಲ್ಲದ ಸೇವೆ: ಇವು ಅವನ ಪದ್ಧತಿಯ ಕಟ್ಟುಪಾಡುಗಳು. ಸ್ವಂತ ಹೊಲ ಹಸನಾಗಲೆಂಬ ಆಸೆಯೇ ನೆರೆಯವನ ಹೊಲವನ್ನೂ ಕಾಯುವಂತೆ ಮಾಡಿದ್ದು ಅವನ ಜಾಣ್ಮೆ.

ಮದ್ರಾಸ್ ಸರ್ಕಾರದ ಅಧಿಕಾರಿ ಫ್ರೆಡರಿಕ್ ನಿಕಲ್ಸನ್ 1895 ಮತ್ತು 1897ರ ವರದಿಗಳಲ್ಲಿ ಈ ಮಾದರಿಯನ್ನೇ ಎತ್ತಿಹಿಡಿದ. ತಂಬ್ರಹಳ್ಳಿ ಆಗ ಅದೇ ಮದ್ರಾಸ್ ಪ್ರಾಂತ್ಯದ ಬಳ್ಳಾರಿ ಜಿಲ್ಲೆಯಲ್ಲಿತ್ತು. 1904ರ ಸಹಕಾರ ಸಾಲ ಸಂಘಗಳ ಕಾಯ್ದೆ ಗ್ರಾಮೀಣ ಸಂಘಗಳಿಗೆ ಆ ಸಾಮೂಹಿಕ ಹೊಣೆಯನ್ನೂ ಮೀಸಲು ನಿಧಿಯನ್ನೂ ಉಳಿಸಿಕೊಂಡಿತು. ಮರುವರ್ಷ ಗದಗ ಬಳಿಯ ಕಣಗಿನಹಾಳದಲ್ಲಿ ಸಿದ್ದನಗೌಡ ಪಾಟೀಲರು ಸಂಘ ಕಟ್ಟಿದರು. ಅಲ್ಲಿ ಚರ್ಚೂ ಇರಲಿಲ್ಲ, ಪ್ರವಚನವೂ ಇರಲಿಲ್ಲ. ಒಬ್ಬರ ಸಾಲಕ್ಕೆ ಇನ್ನೊಬ್ಬರು ಹೊಣೆಯಾಗಲು ಒಪ್ಪಿದ ಊರವರಿದ್ದರು.