ಇರುವೆಯ ಹುಳಿ

ಮಲೆನಾಡಿನ ತೋಟಗಳಲ್ಲಿ ಹಸಿರೆಲೆಗಳನ್ನು ಹೆಣೆದು ಗೂಡು ಕಟ್ಟುವ ಚಗಳಿ ಇರುವೆಯನ್ನು ನಮ್ಮಲ್ಲಿ ಅನೇಕರು ಕಂಡಿರಬಹುದು. ಆ ಗೂಡನ್ನು ಕೆಣಕಿದವರಿಗೆ ಮೂಗನ್ನು ಚುರುಗುಟ್ಟಿಸುವ ಒಂದು ಕಟುವಾಸನೆಯ ಪರಿಚಯವೂ ಇದ್ದೀತು. ಇದೇ ಇರುವೆಯನ್ನು ಅರೆದು ಚಟ್ನಿ ಮಾಡಿ ಉಣ್ಣುವ ವಾಡಿಕೆ ಮಲೆನಾಡಿನಲ್ಲಿ ಉಂಟು. ಒಡಿಶಾದ ಸಿಮಿಲಿಪಾಲ ಸೀಮೆಯ ಕೆಂಪಿರುವೆ ಚಟ್ನಿಗಂತೂ 2024ರಲ್ಲಿ ಭೌಗೋಳಿಕ ಸೂಚಕದ ಮನ್ನಣೆಯೇ ದೊರೆಯಿತು. ಆ ಚಟ್ನಿಯ ಹುಳಿ ಹುಣಿಸೆಯದೂ ಅಲ್ಲ, ನಿಂಬೆಯದೂ ಅಲ್ಲ. ಅದು ಇರುವೆಯದೇ ಹುಳಿ. ರಸಾಯನಶಾಸ್ತ್ರಜ್ಞರು ಅದನ್ನು ಫಾರ್ಮಿಕ್ ಆಮ್ಲವೆನ್ನುತ್ತಾರೆ. ಲ್ಯಾಟಿನ್ ಭಾಷೆಯಲ್ಲಿ ಇರುವೆಗೆ ಫಾರ್ಮಿಕಾ ಎಂದು ಹೆಸರು.

ಈ ಹುಳಿಯನ್ನು ಮೊದಲು ಬೇರ್ಪಡಿಸಿದ ಕೀರ್ತಿ ಇಂಗ್ಲೆಂಡಿನ ನಿಸರ್ಗವಿಜ್ಞಾನಿ ಜಾನ್ ರೇ ಅವರಿಗೆ ಸಲ್ಲುತ್ತದೆ. ನೀಲಿ ಹೂವನ್ನು ಇರುವೆಗಳ ಗೂಡಿಗೆ ಎಸೆದರೆ ಅದು ಕೆಂಪಾಗುವುದನ್ನು ಅಂದಿನ ಜಿಜ್ಞಾಸುಗಳು ಗಮನಿಸಿದ್ದರು. ನಮ್ಮ ಶಂಖಪುಷ್ಪದ ನೀಲಿ ರಸಕ್ಕೆ ನಿಂಬೆಹುಳಿ ಹಿಂಡಿದಾಗ ಬಣ್ಣ ತಿರುಗುವುದಿಲ್ಲವೇ, ಹಾಗೆ. ರೇ ಸತ್ತ ಇರುವೆಗಳನ್ನು ಭಟ್ಟಿ ಇಳಿಸಿ ದೊರೆತ ಆಮ್ಲದ ವಿಚಾರವನ್ನು 1671ರಲ್ಲಿ ಪ್ರಕಟಿಸಿದರು. 1749ರಲ್ಲಿ ಜರ್ಮನಿಯ ಮಾರ್ಗ್ರಾಫ್ ಅದನ್ನು ಇನ್ನಷ್ಟು ಶುದ್ಧಗೊಳಿಸಿ ಅದರ ಗುಣಗಳನ್ನು ವಿವರಿಸಿದರು. ಜೀವಿಗಳಲ್ಲಿ ದೊರೆಯುವ ವಸ್ತುಗಳನ್ನು ಜೀವಶಕ್ತಿಯ ನೆರವಿಲ್ಲದೆ ತಯಾರಿಸಲಾಗದೆಂಬ ನಂಬಿಕೆ ಇನ್ನೂ ಪೂರ್ತಿ ಅಳಿಯದಿದ್ದ ಕಾಲದಲ್ಲಿ, 1855ರಲ್ಲಿ, ಫ್ರಾನ್ಸಿನ ಬರ್ತಲೋ ಇಂಗಾಲದ ಮಾನಾಕ್ಸೈಡ್ ಮತ್ತು ಕ್ಷಾರದಿಂದ ಇದನ್ನು ತಯಾರಿಸಿ ತೋರಿಸಿದರು. ಇರುವೆಯ ಹುಳಿಗೆ ಇನ್ನು ಇರುವೆಯೇ ಬೇಕಾಗಲಿಲ್ಲ.

ಇದು ಬಣ್ಣವಿಲ್ಲದ ದ್ರವ. ಸುಮಾರು 101 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕುದಿಯುತ್ತದೆ, 8 ಡಿಗ್ರಿಯ ಆಸುಪಾಸಿನಲ್ಲಿ ಹೆಪ್ಪುಗಟ್ಟುತ್ತದೆ. ಒಂದೇ ಒಂದು ಇಂಗಾಲದ ಪರಮಾಣುವುಳ್ಳ ಈ ಅಣು ಅದರ ಕುಲದಲ್ಲೆಲ್ಲ ಅತಿ ಸರಳವಾದುದು. ಆದರೂ ಅಡುಗೆಯ ವಿನಿಗರಿನಲ್ಲಿರುವ ಅಸಿಟಿಕ್ ಆಮ್ಲಕ್ಕಿಂತ ಹತ್ತು ಪಟ್ಟು ಪ್ರಬಲ. ಎಲ್ಲ ಇರುವೆಗಳ ವಿಷವೂ ಇದೇ ಎಂಬ ತಿಳಿವಳಿಕೆ ಮಾತ್ರ ಸರಿಯಲ್ಲ. ಚಗಳಿಯಂತೆ ಕೊಂಡಿಯಿಲ್ಲದೆ ಕಚ್ಚಿ ಆಮ್ಲವನ್ನು ಸಿಂಪಡಿಸುವ ಕುಲಕ್ಕೆ ಇದು ಆಯುಧ; ಕೊಂಡಿಯಿಂದ ಚುಚ್ಚುವ ಇರುವೆಗಳಲ್ಲಿ ಅನೇಕವುಗಳ ವಿಷವೇ ಬೇರೆ.

ಮನುಷ್ಯನಿಗೆ ಇದರ ಉಪಯೋಗಗಳು ಹಲವು. ಚರ್ಮ ಹದಮಾಡುವಲ್ಲಿ, ಬಟ್ಟೆಗೆ ಬಣ್ಣ ಕಟ್ಟುವಲ್ಲಿ, ಹಸಿಮೇವು ಕೆಡದಂತೆ ಕಾಪಿಡುವಲ್ಲಿ, ಜೇನುಪೆಟ್ಟಿಗೆಗಳಲ್ಲಿ ನುಸಿಯನ್ನು ಕೊಲ್ಲುವಲ್ಲಿ ಇದು ಬೇಕು. ಕೇರಳದಲ್ಲಿಯೂ ನಮ್ಮ ಸುಳ್ಯ, ಪುತ್ತೂರು ಕಡೆಗಳಲ್ಲಿಯೂ ರಬ್ಬರು ಬೆಳೆಯುವವರಿಗಂತೂ ಇದು ಮನೆಯ ವಸ್ತು. ಮರದಿಂದ ಇಳಿಸಿದ ಹಾಲನ್ನು ನೀರು ಬೆರೆಸಿ ತಟ್ಟೆಗಳಲ್ಲಿಟ್ಟು, ಬಹಳ ತೆಳುವು ಮಾಡಿದ ಆಮ್ಲವನ್ನು ಸೇರಿಸಿದರೆ, ಮಜ್ಜಿಗೆ ಬೆರೆಸಿದ ಹಾಲಿನಂತೆ ಅದು ಗಟ್ಟಿಯಾಗುತ್ತದೆ. ಮರುದಿನ ಹಾಳೆಯಾಗಿ ಒತ್ತಬಹುದು.

ಅಪಾಯವೂ ಅಲ್ಲಿಂದಲೇ ಮೊದಲಾಗುತ್ತದೆ. ಅಂಗಡಿಯಿಂದ ಬರುವ ಆಮ್ಲ ಸಾಮಾನ್ಯವಾಗಿ ಶೇಕಡ 85ರ ತೀಕ್ಷ್ಣತೆಯದು. ನೋಡಲು ನೀರಿನಂತೆಯೇ ಇರುತ್ತದೆ. ಮೈಮೇಲೆ ಬಿದ್ದರೆ ಚರ್ಮ ಸುಡುತ್ತದೆ, ಕಣ್ಣಿಗೆ ಸಿಡಿದರೆ ದೃಷ್ಟಿಗೇ ಸಂಚಕಾರ. ನುಂಗಿದರೆ ಅನ್ನನಾಳ ಬೆಂದುಹೋಗುವುದಷ್ಟೇ ಅಲ್ಲ, ರಕ್ತದ ಕೆಂಪುಕಣಗಳು ಒಡೆದು ಮೂತ್ರಪಿಂಡಗಳೂ ಕೈಕೊಡುತ್ತವೆ. ಇಂಥ ಸಾವುಗಳನ್ನು ಕಂಡ ದಕ್ಷಿಣ ಭಾರತದ ವೈದ್ಯರು ವೈದ್ಯಕೀಯ ಪತ್ರಿಕೆಗಳಲ್ಲಿ ಮತ್ತೆ ಮತ್ತೆ ಬರೆದಿದ್ದಾರೆ. ಕುಡಿಯುವ ನೀರಿನ ಬಾಟಲಿಯಲ್ಲಿ ಇದನ್ನು ತುಂಬಿಡಬಾರದು. ತೆಳುವು ಮಾಡುವಾಗ ನೀರಿಗೆ ಆಮ್ಲವನ್ನು ಸುರಿಯಬೇಕೇ ಹೊರತು ಆಮ್ಲಕ್ಕೆ ನೀರನ್ನಲ್ಲ. ಮೈಗೆ ತಾಗಿದರೆ ತಡಮಾಡದೆ ಹರಿಯುವ ನೀರಿನಲ್ಲಿ ಬಹಳ ಹೊತ್ತು ತೊಳೆಯಬೇಕು. ಇವು ಪ್ರಾಣ ಉಳಿಸುವ ಮಾತುಗಳು.

ಇಷ್ಟಾದರೂ ಈ ಆಮ್ಲ ತನ್ನ ಕಟುವಾಸನೆಯಿಂದ ನಮ್ಮನ್ನು ಎಚ್ಚರಿಸಿಯೇ ಹತ್ತಿರ ಬರುತ್ತದೆ. ಹಾಗೆ ಎಚ್ಚರಿಸದೆ ಬರುವ ದಾರಿಯೊಂದಿದೆ. 1981ರ ಜುಲೈ ತಿಂಗಳಲ್ಲಿ ಬೆಂಗಳೂರಿನಲ್ಲಿ ಮೆಥನಾಲ್ ಬೆರೆತ ಅಗ್ಗದ ಮದ್ಯವನ್ನು ಕುಡಿದು ಮುನ್ನೂರಕ್ಕೂ ಹೆಚ್ಚು ಜನ ಸತ್ತರು. ಮೆಥನಾಲ್ ತಾನಾಗಿ ಅಷ್ಟು ಘೋರವಾದ ವಿಷವಲ್ಲ. ನಮ್ಮ ಯಕೃತ್ತೇ ಅದನ್ನು ಮೊದಲು ಫಾರ್ಮಾಲ್ಡಿಹೈಡ್ ಆಗಿಯೂ ಅನಂತರ ಫಾರ್ಮಿಕ್ ಆಮ್ಲವಾಗಿಯೂ ಮಾರ್ಪಡಿಸುತ್ತದೆ. ಕುಡಿದವನು ಮನೆಗೆ ನಡೆದುಹೋಗುತ್ತಾನೆ, ಮಲಗುತ್ತಾನೆ. ಅರ್ಧ ದಿನವೋ ಒಂದು ದಿನವೋ ಕಳೆದ ಮೇಲೆ ಕಣ್ಣ ಮುಂದೆ ಮಂಜು ಕವಿಯುತ್ತದೆ. ಜೀವಕೋಶಗಳು ಆಮ್ಲಜನಕವನ್ನು ಬಳಸುವ ಬಗೆಯನ್ನೇ ಈ ಆಮ್ಲ ತಡೆಯುವುದರಿಂದ ದೃಷ್ಟಿನರ ಮೊದಲು ಸೋಲುತ್ತದೆ.

ಇದನ್ನು ಅರಿಯುವುದಕ್ಕೆ ವಿಜ್ಞಾನವೂ ತಡಮಾಡಿತು. ಇಲಿಗಳ ಮೇಲಿನ ಪ್ರಯೋಗಗಳಲ್ಲಿ ಈ ಕುರುಡುತನ ಕಾಣಿಸಲಿಲ್ಲ; ಏಕೆಂದರೆ ಇಲಿಯ ದೇಹ ಈ ಆಮ್ಲವನ್ನು ಫೋಲೇಟ್ ಎಂಬ ಜೀವಸತ್ವದ ನೆರವಿನಿಂದ ಬೇಗನೆ ಕಳೆದುಕೊಳ್ಳಬಲ್ಲದು. ನಮಗೂ ಕೋತಿಗಳಿಗೂ ಆ ಶಕ್ತಿ ಕಡಿಮೆ. 1970ರ ದಶಕದಲ್ಲಿ ಕೋತಿಗಳ ಮೇಲೆ ನಡೆದ ಅಧ್ಯಯನಗಳು ನಿಜವಾದ ಅಪರಾಧಿಯನ್ನು ತೋರಿಸಿಕೊಟ್ಟವು. ಮೆಥನಾಲ್ ಆಮ್ಲವಾಗುವುದನ್ನು ತಡೆಯುವ ಮದ್ದೂ, ರಕ್ತವನ್ನು ಶುದ್ಧಿಮಾಡುವ ಡಯಾಲಿಸಿಸ್ ಕೂಡ ಇವೆ. ಆದರೆ ರೋಗಿ ಹೊತ್ತಿಗೆ ಸರಿಯಾಗಿ ಆಸ್ಪತ್ರೆ ಸೇರಬೇಕು. ತಾನು ಕುಡಿದುದು ಇಂಥದು ಎಂದು ಹೇಳಿಕೊಳ್ಳಲು ನಾಚುವ ಬಡವನಿಗೆ ಆ ಹೊತ್ತೇ ಮೀರಿಹೋಗುತ್ತದೆ.

ಮೂರೂವರೆ ಶತಮಾನಗಳ ಹಿಂದೆ ನೀಲಿ ಹೂವೊಂದು ಕೆಂಪಾದುದನ್ನು ಕಂಡು ಬೆರಗಾದವರು ಈ ವಿದ್ಯೆಯನ್ನು ಆರಂಭಿಸಿದರು. ಅದು ಇಂದು ಪುಸ್ತಕಗಳಲ್ಲಿ ಸಾಕಷ್ಟು ಬೆಳೆದಿದೆ. ರಬ್ಬರು ತೋಟದ ಕೂಲಿಯಾಳಿಗೂ, ಕಣ್ಣು ಮಂಜಾಗಿ ಎದ್ದವನ ಮನೆಯವರಿಗೂ ಅದು ಅವರ ಮಾತಿನಲ್ಲಿ ತಲುಪುವ ಕೆಲಸ ಮಾತ್ರ ಇನ್ನೂ ಉಳಿದಿದೆ.